ಮಟ್ಟಾಂಚೇರಿಯಲ್ಲಿ ಉಳಿದವರು

ಎರ್ನಾಕುಲಂನಿಂದ ದೋಣಿ ಹತ್ತಿ ಮಟ್ಟಾಂಚೇರಿ ಜೆಟ್ಟಿಯಲ್ಲಿ ಇಳಿದರೆ ಮೂಗಿಗೆ ಮೊದಲು ಬಡಿಯುವುದು ಶುಂಠಿ, ಕಾಳುಮೆಣಸಿನ ಘಾಟು. ಆ ಘಾಟಿನ ಜಾಡು ಹಿಡಿದು ನಡೆದರೆ ಸಿಗುವ ಕಿರಿದಾದ ಬೀದಿಯೇ ಜ್ಯೂ ಟೌನ್. ಬೀದಿಯ ತುದಿಯಲ್ಲಿ ಹಳೆಯ ಗಡಿಯಾರ ಗೋಪುರ. ಪಕ್ಕದಲ್ಲೇ 1568ರಲ್ಲಿ ಕಟ್ಟಿದ ಪರದೇಸಿ ಸಿನಗಾಗ್. ಯಹೂದಿಗಳ ಈ ಪ್ರಾರ್ಥನಾ ಮಂದಿರಕ್ಕೂ ಕೊಚ್ಚಿ ಅರಸರ ಅರಮನೆಯ ದೇಗುಲಕ್ಕೂ ನಡುವೆ ಇರುವುದು ಒಂದೇ ಗೋಡೆ.

ಚಪ್ಪಲಿ ಕಳಚಿ ಒಳಗೆ ಕಾಲಿಟ್ಟರೆ ಚೀನಾದ ನೀಲಿ-ಬಿಳಿ ಟೈಲ್ಸ್ ಪಾದಕ್ಕೆ ತಣ್ಣಗೆ ತಾಗುತ್ತವೆ. ಮೇಲೆ ಗಾಜಿನ ತೂಗುದೀಪಗಳು. ಎಲ್ಲವೂ ಇದೆ, ಇಲ್ಲದಿರುವುದು ಹತ್ತು ಜನ. ಯಹೂದಿ ಸಂಪ್ರದಾಯದಲ್ಲಿ ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ಮಂದಿ ವಯಸ್ಕ ಗಂಡಸರು ಸೇರಬೇಕು.

ಕೊಚ್ಚಿಯಿಂದ ಯಹೂದಿಗಳನ್ನು ಯಾರೂ ಓಡಿಸಲಿಲ್ಲ. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ, ಪುಣ್ಯಭೂಮಿಯ ಹಂಬಲ, ಹೊಸ ಬದುಕಿನ ಆಸೆಯಿಂದ ಅವರೇ ಹೊರಟರು. 1950ರ ದಶಕದಲ್ಲಿ ಊರೂರೇ ಖಾಲಿಯಾಯಿತು. ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗ್‌ನ ಒಳಾಂಗಣವೇ ಮುಂದೆ ಕಡಲು ದಾಟಿ, ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂ ಸೇರಿತು. ಪರದೇಸಿ ಕುಟುಂಬಗಳು ನಿಧಾನವಾಗಿ, ಒಂದೊಂದಾಗಿ ಹೊರಟವು. ಹೋಗುವವರಿಗೆ ಅದು ಪ್ರಯಾಣ. ಉಳಿಯುವವರಿಗೆ ಮಾತ್ರ ಹತ್ತರ ಲೆಕ್ಕದಲ್ಲಿ ಮತ್ತೆರಡು ತಲೆ ಕಡಿಮೆ.

ಹಾಗೆ ಉಳಿದವರಲ್ಲಿ ಒಬ್ಬರು ಸಾರಾ ಕೋಹೆನ್. ಬಂಧುಬಳಗದವರು ಇಸ್ರೇಲಿಗೆ ಹೋದರೂ ಸಾರಾ, ಪತಿ ಜೇಕಬ್ ಈ ಬೀದಿ ಬಿಡಲಿಲ್ಲ. ಮನೆಯಲ್ಲೇ ಅವರ ಕಸೂತಿ ಅಂಗಡಿ. ಯಹೂದಿಗಳು ತಲೆಗಿಡುವ ಪುಟ್ಟ ಟೋಪಿ ಕಿಪ್ಪಾ ಅಲ್ಲಿ ಸಿಗುತ್ತಿತ್ತು. ಇದೇ ಬೀದಿಯಲ್ಲಿ ಪ್ರವಾಸಿಗರಿಗೆ ಪೋಸ್ಟ್‌ಕಾರ್ಡ್ ಮಾರುತ್ತಿದ್ದ ಮುಸ್ಲಿಂ ಹುಡುಗ ತಾಹಾ ಇಬ್ರಾಹಿಂ ಈ ದಂಪತಿಗೆ ಹತ್ತಿರವಾದ. ಮಕ್ಕಳಿಲ್ಲದ ಜೇಕಬ್ ಸಾಯುವ ಮುನ್ನ, ಸಾರಾಳನ್ನು ನೋಡಿಕೊಳ್ಳೆಂದು ಕೇಳಿಕೊಂಡದ್ದು ಅವನನ್ನೇ. ತಾಹಾ ಮಾತು ಉಳಿಸಿಕೊಂಡರು. 2019ರಲ್ಲಿ, 96ನೆಯ ವಯಸ್ಸಿನಲ್ಲಿ ಸಾರಾ ತೀರಿಕೊಂಡ ಮೇಲೂ ಅಂಗಡಿಯ ಬಾಗಿಲು ತೆರೆದೇ ಇಟ್ಟರು.

ಬಂಧುಗಳಿಲ್ಲದ ಊರಿನಲ್ಲಿ ಬದುಕಲು ಗೆಳೆಯರು ಸಾಕು ಎನ್ನುವುದಕ್ಕೆ ಈ ಬೀದಿಯೇ ಸಾಕ್ಷಿ. ಆದರೆ ಗೆಳೆಯರು ಎಷ್ಟೇ ಮಂದಿ ಬಂದರೂ ಆ ಹತ್ತರ ಲೆಕ್ಕ ತುಂಬುವುದಿಲ್ಲ. ಅಡುಗೆಮನೆಗೂ ಆಸ್ಪತ್ರೆಗೂ ಜೊತೆಯಾಗಬಲ್ಲವರು ಪ್ರಾರ್ಥನೆಯ ಹೊತ್ತಿಗೆ ಹೊಸಿಲಿನಾಚೆ ನಿಲ್ಲಲೇಬೇಕು. ಉಳಿದವರು ಈ ಎರಡನ್ನೂ ಬಲ್ಲರು.

2024ರಲ್ಲಿ ಕ್ವೀನಿ ಹಲ್ಲೇಗುವಾ ಕೂಡ ಕಣ್ಮುಚ್ಚಿದರು. ಅವರ ಮಕ್ಕಳಿದ್ದದ್ದು ಅಮೆರಿಕದಲ್ಲಿ. ಈಗ ಜ್ಯೂ ಟೌನಿನಲ್ಲಿ ಹೆಚ್ಚಾಗಿ ಕಾಣುವುದು ಹಳೆಯ ಸಾಮಾನಿನ ಅಂಗಡಿಗಳು, ಕ್ಯಾಮೆರಾ ಹಿಡಿದ ಪ್ರವಾಸಿಗರು.

ಹೋಗುವವರು ಶನಿವಾರ ತಪ್ಪಿಸಿ ಹೋಗಬೇಕು. ಅಂದು ಸಬ್ಬತ್, ಸಿನಗಾಗ್ ಪ್ರವಾಸಿಗರಿಗೆ ತೆರೆಯುವುದಿಲ್ಲ. ಪ್ರಾರ್ಥನೆಗೆ ಹತ್ತು ಮಂದಿ ಇಲ್ಲದಿದ್ದರೂ ಸಬ್ಬತ್ ಸಬ್ಬತ್ತೇ.