ವೀರಾಪುರದ ಹುಣಸೆ ಮರಗಳ ಕೆಳಗೆ

ಕೊಡಿಕೊಂಡ ಚೆಕ್‌ಪೋಸ್ಟ್ ಬಳಿ ಬೆಂಗಳೂರು–ಹೈದರಾಬಾದ್ ಹೆದ್ದಾರಿ ಬಿಟ್ಟು ಚಿಲಮತ್ತೂರಿನ ಕಡೆ ಹೊರಳಿದರೆ, ಗುಂಡುಬಂಡೆಯ ಗುಡ್ಡಗಳು ಕತ್ತಲಿನಿಂದ ಒಂದೊಂದಾಗಿ ಹೊರಬರುತ್ತವೆ. ಏಪ್ರಿಲ್ ತಿಂಗಳು. ಮುಂಜಾವಿನ ಈ ತಂಪು ಇನ್ನೊಂದು ಗಳಿಗೆಯದಷ್ಟೆ. ಹಿಂದೂಪುರ ಸೀಮೆಯ ವೀರಾಪುರದಲ್ಲಿ ಬೇಲಿಯನ್ನೂ ಗೇಟನ್ನೂ ಹುಡುಕಬೇಡಿ. ಇಲ್ಲಿ ಊರೇ ಪಕ್ಷಿಧಾಮ.

ಮೊದಲು ಸಿಗುವುದು ಸದ್ದು. ತಲೆಯ ಮೇಲೆಲ್ಲೋ ಟಕಟಕ, ಕಟಕಟ. ಪ್ರಾಯಕ್ಕೆ ಬಂದ ಬಣ್ಣದ ಕೊಕ್ಕರೆಗೆ ಕೂಗುವ ಗಂಟಲೇ ಇಲ್ಲವೆನ್ನಬೇಕು. ಅದರ ಮಾತುಕತೆಯೆಲ್ಲ ಕೊಕ್ಕಿನ ಬಡಿತದಲ್ಲೇ. ಗಲಾಟೆ ಏನಿದ್ದರೂ ಹಸಿದ ಮರಿಗಳದು. ಆಮೇಲೆ ವಾಸನೆ: ಮೀನು, ಹಿಕ್ಕೆ, ಹುಣಸೆ ಸೊಪ್ಪು, ಮೂರೂ ಕಲಸಿದ್ದು. ಹಿತವೆಂದು ಹೇಳಿದರೆ ಸುಳ್ಳಾದೀತು.

ಬೆಳಕು ಹರಿಯುತ್ತಿದ್ದಂತೆ ಹುಣಸೆ ಮರದ ನೆತ್ತಿ ಬಣ್ಣ ಪಡೆಯುತ್ತದೆ. ಹಳದಿ ಕೊಕ್ಕು, ಕಿತ್ತಳೆಗೆಂಪಿನ ಬೋಳು ಮುಖ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ; ಹಿಂಭಾಗದಲ್ಲಂತೂ ಯಾರೋ ಗುಲಾಲು ಎರಚಿ ಹೋದಷ್ಟು ಗುಲಾಬಿ. ತಾಯೊಂದು ಬಂದಿಳಿಯುತ್ತದೆ, ಕತ್ತು ಬಗ್ಗಿಸಿ ಗೂಡಿನೊಳಗೆ ಮೀನು ಕಕ್ಕುತ್ತದೆ. ಬೂದು ಮೈಯ ಮರಿಗಳು ಒಂದರ ಮೇಲೊಂದು ಬೀಳುತ್ತವೆ. ನೂಕಾಟದಲ್ಲಿ ಜಾರಿದ ಮೀನೊಂದು ಕೊಂಬೆಗೆ ಬಡಿದು ನಮ್ಮ ಕಾಲ ಬಳಿ ಬಿತ್ತು. ಬೆಕ್ಕು ಮೊದಲೇ ಕಾದು ಕೂತಿತ್ತು!

ಸುಣ್ಣ ಬಳಿದಂತಾದ ಅಂಗಳ ಗುಡಿಸುತ್ತಿದ್ದ ಅಜ್ಜಿ ತೆಲುಗು ಬೆರೆತ ಕನ್ನಡದಲ್ಲಿ ಊರು ವಿಚಾರಿಸಿದರು. ದಿನಾ ಇದೇ ಕೆಲಸವಲ್ಲವೇ, ಬೇಜಾರಿಲ್ಲವೇ ಎಂದೆ.

“ಹೆಣ್ಮಕ್ಕಳು ಬಾಣಂತನಕ್ಕೆ ತವರಿಗೆ ಬಂದವ್ರೆ ಸ್ವಾಮಿ. ಬೈಯೋಕಾಗ್ತದಾ?” ಅಂದವರೇ ಪೊರಕೆ ಮುಂದಕ್ಕೆ ಸಾಗಿಸಿದರು.

ಮದ್ದೂರಿನ ಕೊಕ್ಕರೆಬೆಳ್ಳೂರಲ್ಲೂ ಇದೇ ತವರಿನ ಮಾತು. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು 1976ರಲ್ಲಿ ಅಲ್ಲಿನ ಹೆಜ್ಜಾರ್ಲೆಗಳನ್ನು ಹೊರಜಗತ್ತಿಗೆ ತೋರಿಸಿಕೊಟ್ಟ ಮೇಲೆ ಆ ಊರು ಹೆಸರಾಯಿತು. ವೀರಾಪುರಕ್ಕೆ ಅಷ್ಟು ಪ್ರಚಾರ ದಕ್ಕಿಲ್ಲ. ಹತ್ತಿರದ ಲೇಪಾಕ್ಷಿಯಲ್ಲಿ ಜಟಾಯುವಿನ ಕಥೆ ಕೇಳಿ ಕೈಮುಗಿದವರು ಈ ಜೀವಂತ ರೆಕ್ಕೆಗಳತ್ತ ಬರದೇ ಮರಳುವುದು ನನಗಂತೂ ಸೋಜಿಗ.

ಕೆರೆ ಕಡೆ ನಡೆಯುತ್ತೇವೆ. ಟಿಟ್ಟಿಭ ಬೈಯುತ್ತಾ ಏಳುತ್ತದೆ. ಮೊಣಕಾಲಷ್ಟು ನೀರಲ್ಲಿ ನಿಂತ ಕೊಕ್ಕರೆ, ಅರೆತೆರೆದ ಕೊಕ್ಕನ್ನು ಮುಳುಗಿಸಿ ಎಡಕ್ಕೂ ಬಲಕ್ಕೂ ಆಡಿಸುತ್ತಿದೆ. ಕಣ್ಣಿನ ಹಂಗಿಲ್ಲ, ಮೀನು ತಾಗಿದೊಡನೆ ಕೊಕ್ಕು ಪಟ್ಟನೆ ಮುಚ್ಚುತ್ತದೆ. ಈ ಬೇಟೆಗೆ ತೆಳುನೀರೇ ಬೇಕು. ಆದರೆ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಈ ಸೀಮೆಯೂ ಒಂದು. ಕೆರೆ ಒಣಗಿದ ವರ್ಷ ಹಕ್ಕಿಗಳು ಮೀನಿಗಾಗಿ ದೂರದ ಕೆರೆಗಳಿಗೆ ಹಾರಬೇಕು. ಅಷ್ಟು ಹೊತ್ತು ಮರಿಗಳು ಕಾಯಬೇಕು.

ಬಿಸಿಲೇರುವಾಗ ಹಿಂತಿರುಗಿ ನೋಡಿದರೆ, ಗೂಡಿನಂಚಿನಲ್ಲಿ ತಾಯಿ ರೆಕ್ಕೆಯನ್ನೇ ಚಪ್ಪರ ಮಾಡಿ ಮರಿಗಳಿಗೆ ನೆರಳು ಹಿಡಿದು ನಿಂತಿದೆ.

ಹೋಗುವವರು ಜನವರಿ ಕಳೆದ ಮೇಲೆ, ಮಳೆಗಾಲ ಬಲಿಯುವ ಮುನ್ನ ಹೋಗಿ. ಡ್ರೋನ್ ಹಾರಿಸಬೇಡಿ, ಫೋಟೊಗಾಗಿ ಚಪ್ಪಾಳೆ ತಟ್ಟಿ ಎಬ್ಬಿಸಬೇಡಿ. ತಾಯಿ ಬೆದರಿ ಹಾರಿದರೆ ಮೊಟ್ಟೆ ಕಾಗೆಯ ಪಾಲು, ಮರಿ ಬಿಸಿಲಿನ ಪಾಲು.