ಗಡಿಯೂರಿನಲ್ಲಿ ಮಾತಿನ ಹೊಂದಾಣಿಕೆ

ಮಹಾರಾಷ್ಟ್ರದ ಅಕ್ಕಲಕೋಟೆ ತಾಲ್ಲೂಕಿನ ಗಡಿಗ್ರಾಮಗಳಲ್ಲಿ ಕನ್ನಡವು ಅನೇಕರ ಮನೆಮಾತಾಗಿಯೂ ಮರಾಠಿಯು ರಾಜ್ಯದ ಆಡಳಿತಭಾಷೆಯಾಗಿಯೂ ಜೊತೆಜೊತೆಗೆ ಬಳಕೆಯಲ್ಲಿರುವುದರಿಂದ, ಯಾರೊಡನೆ ಯಾವ ಭಾಷೆಯಲ್ಲಿ ಮಾತು ತೆಗೆಯಬೇಕೆಂಬುದು ನಿತ್ಯದ ವಿವೇಚನೆಯ ವಿಷಯವಾಗುತ್ತದೆ. ಕೇಳುವವರಿಗೆ ಅನುಕೂಲವಾಗುವಂತೆ ಆಡುವವರು ತಮ್ಮ ಭಾಷೆ, ಉಚ್ಚಾರ ಮತ್ತು ವೇಗಗಳನ್ನು ಬದಲಿಸಿಕೊಳ್ಳುವ ಈ ಪ್ರವೃತ್ತಿಯನ್ನು, 1970ರ ದಶಕದಲ್ಲಿ ಹೋವರ್ಡ್ ಗೈಲ್ಸ್ ರೂಪಿಸಿದ ಸಿದ್ಧಾಂತವು ‘ಸಂವಹನ ಹೊಂದಾಣಿಕೆ’ ಎಂದು ಗುರುತಿಸುತ್ತದೆ. ಇಂತಹ ಒಡನಾಟವು ಭಾಷೆಯ ಒಳರಚನೆಯನ್ನೂ ಮುಟ್ಟಬಲ್ಲದೆಂಬುದಕ್ಕೆ ಸಾಂಗ್ಲಿ ಜಿಲ್ಲೆಯ ಕುಪವಾಡ ನಿದರ್ಶನವಾಗಿದ್ದು, ಅಲ್ಲಿನ ಕನ್ನಡ, ಮರಾಠಿ, ಉರ್ದುಗಳು ತಂತಮ್ಮ ಶಬ್ದಸಂಪತ್ತನ್ನು ಉಳಿಸಿಕೊಂಡೇ ವಾಕ್ಯರಚನೆಯಲ್ಲಿ ಪರಸ್ಪರ ಹತ್ತಿರವಾದುದನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರಿಸಿದರು.

ಆದರೆ ಹೊಂದಾಣಿಕೆಗೂ ಮಿತಿಯುಂಟು: ತಡವರಿಸುತ್ತಲೇ ಕನ್ನಡ ಆಡಲು ಮುಂದಾದವರಿಗೆ ಥಟ್ಟನೆ ಮರಾಠಿಯಲ್ಲಿ ಉತ್ತರಿಸಿದರೆ, ಅಂದರೆ ‘ಅತಿಹೊಂದಾಣಿಕೆ’ ತೋರಿದರೆ, ಉಪಕಾರವೆಂದು ಎಣಿಸಿದ್ದು ಅವರಿಗೆ ಅವಹೇಳನವಾಗಿ ಕಾಣಬಹುದು. ಆದ್ದರಿಂದ ಎದುರಿನವರ ಅಗತ್ಯವನ್ನು ಅವರ ಹೆಸರು, ಉಡುಗೆ, ಜಾತಿಗಳಿಂದ ಊಹಿಸದೆ, ಅವರು ತೊಡಗಿದ ಮಾತನ್ನು ಪೂರ್ತಿ ಕೇಳಿ, ಸಂದೇಹವಿದ್ದಲ್ಲಿ ಯಾವ ಭಾಷೆ ಅನುಕೂಲವೆಂದು ಅವರನ್ನೇ ವಿಚಾರಿಸುವುದು ವಿವೇಕಯುತ ಸಂವಹನದ ಮೊದಲ ನಿಯಮವೆನ್ನಬಹುದು.