ನಾರಿಹಳ್ಳದ ನೀರಿನ ಮೇಲೆ ಒಂದು ದಿನ

ಬಾದನಹಟ್ಟಿಯ ಸುತ್ತಿನ ಜನರಿಗೆ ನೀರೆಂದರೆ ಕಾಲುವೆ. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾಗಿ ಬಲದಂಡೆಯ ಕಾಲುವೆಗಳು ಈ ಕಪ್ಪು ನೆಲದತ್ತ ಹರಿದು ಬಂದ ಮೇಲೆ ಬತ್ತ, ಹತ್ತಿ, ಮೆಣಸಿನಕಾಯಿಗಳ ಜೊತೆಗೆ ಇಲ್ಲಿಯ ಬದುಕಿಗೆ ಒಂದು ಹೊಸ ಪಂಚಾಂಗವೇ ಬಂದಿತು. ನೀರು ಬಿಡುವ ದಿನ, ನಿಲ್ಲಿಸುವ ದಿನ, ನಮ್ಮ ಹೊಲದ ಪಾಳಿ, ನೆರೆಯವನ ಪಾಳಿ. ಮದುವೆಯ ಮುಹೂರ್ತವನ್ನೂ ಮಗುವಿನ ಜ್ಞಾನಸ್ನಾನದ ದಿನವನ್ನೂ ಈ ಪಂಚಾಂಗವನ್ನು ನೋಡಿಯೇ ಗೊತ್ತುಪಡಿಸುವ ಕುಟುಂಬಗಳನ್ನು ನಾನು ಬಲ್ಲೆ. ನೀರು ಇಲ್ಲಿ ಕಾಯಬೇಕಾದ ವಸ್ತು, ಕೆಲವೊಮ್ಮೆ ಕಾದಾಡಬೇಕಾದ ವಸ್ತು. ಅದರ ಪಕ್ಕದಲ್ಲಿ ಸುಮ್ಮನೆ ಕುಳಿತಿರುವುದು ಯಾರಿಗೂ ರೂಢಿಯಿಲ್ಲ.

ಅಂಥ ಕೆಲವು ಕುಟುಂಬಗಳೊಡನೆ 2024ರ ಸೆಪ್ಟೆಂಬರಿನಲ್ಲಿ ಸಂಡೂರಿನ ನಾರಿಹಳ್ಳ ಜಲಾಶಯಕ್ಕೆ ಹೋಗಿ ಬರುವ ಅವಕಾಶ ನನಗೆ ಒದಗಿತು. ಅದು ಸಾಧಾರಣವಾದ ವರ್ಷವಾಗಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಬೆಲೆ ಕುಸಿದು ರೈತರು ರೊಚ್ಚಿಗೆದ್ದಿದ್ದರು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಗಿತ್ತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿ ನಿಲ್ಲಿಸುವವರೆಗೆ, ಆ ವಾರವೆಲ್ಲ, ನಮ್ಮ ಹಳ್ಳಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಬೆಳೆ ಉಳಿಯುವುದೆಂಬ ಭರವಸೆ ಮೂಡಿದ ಮೇಲೆ ತಾಯಂದಿರೇ ಈ ಪ್ರವಾಸದ ಮಾತೆತ್ತಿದರು. ಅವರಿಗೆ ಬೇಕಾಗಿದ್ದುದು ಯಾತ್ರೆಯಲ್ಲ, ಒಂದು ದಿನದ ಬಿಡುವು.

ಕುರುಗೋಡಿನ ಬೋಳು ಬಂಡೆಗಳ ಗುಡ್ಡವನ್ನು ಹಿಂದೆ ಬಿಟ್ಟು, ಬಳ್ಳಾರಿಯನ್ನು ಹಾದು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಹೊಗೆಗೊಳವೆಗಳ ಬಳಿ ತಿರುಗಿ ಸಂಡೂರಿನ ದಾರಿ ಹಿಡಿದರೆ ನೋಟ ಬದಲಾಗುತ್ತದೆ. ಎದುರಿಗೆ ಹಸಿರು ಹೊದ್ದ ಬೆಟ್ಟಗಳ ಸಾಲು. ಈ ಬೆಟ್ಟಗಳ ಕಬ್ಬಿಣದ ಕಲ್ಲು 250 ಕೋಟಿ ವರ್ಷಗಳಿಗೂ ಹಿಂದಿನದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ನಾರಿಹಳ್ಳವು ಓಬಳಗಂಡಿಯಲ್ಲಿ ಈ ಸಾಲನ್ನು ಸೀಳಿ ಸಂಡೂರಿನ ಕಣಿವೆಯನ್ನು ಪ್ರವೇಶಿಸುತ್ತದೆ, ಭೀಮಗಂಡಿಯಲ್ಲಿ ಮತ್ತೆ ಸೀಳಿ ಹೊರಬರುತ್ತದೆ, ಮುಂದೆ ದರೋಜಿಯ ದೊಡ್ಡ ಕೆರೆಯನ್ನು ಸೇರುತ್ತದೆ. ತಾರಾನಗರದ ಬಳಿ ಈ ಹಳ್ಳಕ್ಕೆ ಕಟ್ಟಿದ ಅಣೆಕಟ್ಟೆಯ ಹಿಂದೆ, ಬೆಟ್ಟಗಳ ಮಡಿಲಲ್ಲಿ, ನಾವು ನೋಡಬಂದ ನೀರು ನಿಂತಿದೆ. 1934ರಲ್ಲಿ ಸಂಡೂರಿಗೆ ಬಂದಿದ್ದ ಗಾಂಧೀಜಿಯವರು ಈ ಊರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಹೇಳಿದರೆಂಬ ಮಾತು ಇಲ್ಲಿ ಎಲ್ಲರ ಬಾಯಲ್ಲಿದೆ. ಆ ತಿಂಗಳಿನಲ್ಲಿಯೇ ಹೋದ ನಮಗೆ ಮಾತಿನ ಅರ್ಥವನ್ನು ಯಾರೂ ವಿವರಿಸಬೇಕಾಗಲಿಲ್ಲ.

ಬಸ್ಸಿನಿಂದಿಳಿದ ಮಕ್ಕಳು ಕೂಗಾಡುವರೆಂದು ನಾನು ಎಣಿಸಿದ್ದೆ. ಅವರು ದಡದಲ್ಲಿ ಸಾಲಾಗಿ ನಿಂತು ನೋಡುತ್ತ ಉಳಿದರು. ಸ್ವಲ್ಪ ಹೊತ್ತಿನ ಮೇಲೆ ಆರನೆಯ ತರಗತಿಯ ಹುಡುಗನೊಬ್ಬ ನನ್ನ ಹತ್ತಿರ ಬಂದು ತಗ್ಗಿದ ಧ್ವನಿಯಲ್ಲಿ ಕೇಳಿದ: “ಫಾದರ್, ಇದನ್ನ ಯಾವಾಗ ಬಂದ್ ಮಾಡ್ತಾರ್ರಿ?” ಕಾಲುವೆಯ ಮಗುವಿನ ಪ್ರಶ್ನೆ ಅದು. ಇದನ್ನು ಯಾರೂ ಬಂದ್ ಮಾಡುವುದಿಲ್ಲ, ಇದು ಇಲ್ಲಿಯೇ ಇರುತ್ತದೆ ಎಂದೆ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.

ದಡದಲ್ಲಿ ಹರಿಗೋಲು ಬೋರಲು ಹಾಕಿಕೊಂಡು ಕುಳಿತಿದ್ದ ಅರವತ್ತರ ಮೀನುಗಾರನೊಬ್ಬ ನಮ್ಮನ್ನು ನೀರಿನ ಮೇಲೆ ಕರೆದೊಯ್ಯಲು ಒಪ್ಪಿದ. ಪರಿಚಿತರೊಬ್ಬರಿಂದ ನಾಲ್ಕು ಲೈಫ್ ಜಾಕೆಟ್‌ಗಳನ್ನು ಕೇಳಿ ತಂದಿದ್ದೆವು. ಆದುದರಿಂದ ಒಂದು ಸಲಕ್ಕೆ ನಾಲ್ವರೇ ಹತ್ತಬೇಕೆಂಬುದು ನಿಯಮವಾಯಿತು. ಇದರಿಂದ ತಡವಾಯಿತು, ಗೊಣಗಾಟವೂ ಆಯಿತು. ಆದರೆ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಹಿರಿಯರು ಈ ಒಂದು ವಿಷಯದಲ್ಲಿ ಯಾರ ಮುಖವನ್ನೂ ನೋಡಬಾರದೆಂಬುದು ನನ್ನ ಅಭಿಪ್ರಾಯ. ನೀರು ಶಾಂತವಾಗಿದೆ ಎಂಬುದು ಅದು ಆಳವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಹರಿಗೋಲು ವಿಚಿತ್ರವಾದ ವಾಹನ. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಹುಟ್ಟನ್ನು ಒಂದೇ ಕಡೆ ಹಾಕಿದರೆ ನಿಂತಲ್ಲಿಯೇ ಗಿರಗಿರನೆ ಸುತ್ತುತ್ತದೆ. “ಕುಂದರ್ರಿ, ಅಲುಗಾಡಬ್ಯಾಡ್ರಿ” ಎಂಬುದೊಂದೇ ಅದರ ಶಾಸ್ತ್ರ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಗೆ ಜನರು ಬುಟ್ಟಿಯಂತೆ ದುಂಡಗಿರುವ, ಒಳಗೆ ಬೆತ್ತ, ಹೊರಗೆ ಚರ್ಮದ ಹೊದಿಕೆಯುಳ್ಳ ದೋಣಿಗಳಲ್ಲಿ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಹದಿನೈದಿಪ್ಪತ್ತು ಜನರಲ್ಲದೆ ಕುದುರೆ, ಎತ್ತುಗಳೂ ಅದರಲ್ಲಿ ದಾಟುತ್ತಿದ್ದವಂತೆ. ಐನೂರು ವರ್ಷಗಳ ಬಳಿಕವೂ ಬುಟ್ಟಿ ಅದೇ. ಚರ್ಮದ ಸ್ಥಾನದಲ್ಲಿ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ, ಅಷ್ಟೆ. ನಮ್ಮ ಹರಿಗೋಲಿಗೆ ನಾಲ್ಕಾರು ತೇಪೆಗಳಿದ್ದವು. ಮಕ್ಕಳು ಅವುಗಳನ್ನು ಎಣಿಸಿದರು.

ತೇಪೆಯ ದೋಣಿಯನ್ನು ಕಂಡಾಗ ನನಗೆ ನೆನಪಾದುದು ಬೇರೊಂದು ದೋಣಿ. 1986ರಲ್ಲಿ ಬರಗಾಲದಿಂದ ಗಲಿಲೇಯ ಸರೋವರದ ನೀರು ಇಳಿದಾಗ, ಕೆಸರಿನಲ್ಲಿ ಹೂತಿದ್ದ ಸುಮಾರು 2000 ವರ್ಷಗಳ ಹಿಂದಿನ ಮೀನುಗಾರರ ದೋಣಿಯೊಂದು ದೊರೆಯಿತು. ಎಂಟು ಮೀಟರುಗಳಿಗಿಂತ ತುಸು ಉದ್ದವಾದ ಅದರಲ್ಲಿ ಹತ್ತಕ್ಕೂ ಹೆಚ್ಚು ಬಗೆಯ ಮರದ ತುಂಡುಗಳಿವೆ. ಕೈಗೆ ಸಿಕ್ಕಿದ ಮರದಿಂದ ಮತ್ತೆ ಮತ್ತೆ ದುರಸ್ತಿ ಮಾಡಿಕೊಂಡ ಬಡವರ ದೋಣಿ ಅದು. ಪೇತ್ರ, ಅಂದ್ರೆಯರ ಕಾಲದ್ದು, ಅವರಂಥವರದ್ದು. ಇದನ್ನು ಮಕ್ಕಳಿಗೆ ಹೇಳುತ್ತ, ಶುಭಸಂದೇಶಗಳಲ್ಲಿ ಬರುವ ಆ ‘ಸಮುದ್ರ’ ನಿಜವಾಗಿ ಸುಮಾರು 166 ಚದರ ಕಿಲೋಮೀಟರಿನ ಸಿಹಿನೀರಿನ ಸರೋವರ, ನಮ್ಮ ತುಂಗಭದ್ರಾ ಜಲಾಶಯ ತುಂಬಿದಾಗ ಅದರ ಎರಡರಷ್ಟಕ್ಕಿಂತ ದೊಡ್ಡದು ಎಂದಾಗ, ಹಿರಿಯರ ಮುಖದಲ್ಲಿಯೂ ಅಚ್ಚರಿ ಕಂಡಿತು.

ಮೀನು ಹಿಡಿಯುವ ಮಾತಿಗೆ ಬರುತ್ತೇನೆ. ಮೀನುಗಾರನ ಒಪ್ಪಿಗೆ ಪಡೆದು ಗಂಡಸರು ಗಾಳ ಹಾಕಿದರು. ಕಾಟ್ಲಾ, ರೋಹು, ಮೃಗಾಲ್‌ಗಳು ನಿಂತ ನೀರಿನಲ್ಲಿ ಮರಿಮಾಡುವುದಿಲ್ಲ, ಅವುಗಳಿಗೆ ಹರಿವು ಬೇಕು. ಆದುದರಿಂದ ಕೆರೆಗಳಿಗೆ ಮರಿಗಳನ್ನು ತಂದು ಬಿಡಬೇಕಾಗುತ್ತದೆ ಎಂದು ಆತನೇ ವಿವರಿಸಿದ. ಬಲೆಯನ್ನು ಸಂಜೆ ಬಿಡುವುದು, ನಸುಕಿನಲ್ಲಿ ಎತ್ತುವುದು. ಹಗಲಿನಲ್ಲಿ ಗಾಳ ಹಿಡಿದು ಕುಳಿತವರನ್ನು ಕಂಡರೆ ಮೀನುಗಳೂ ನಗುತ್ತವೆ ಎಂದು ಅವನೂ ನಕ್ಕ. ಒಬ್ಬೊಬ್ಬರಾಗಿ ಎಲ್ಲರೂ ಎದ್ದುಹೋದರು. ಒಬ್ಬರು ಮಾತ್ರ ಏಳಲಿಲ್ಲ.

ಅವರು ಮೆಣಸಿನಕಾಯಿ ಬೆಳೆದವರು. ಮಾರ್ಚ್‌ನಲ್ಲಿ ಬ್ಯಾಡಗಿಗೆ ಲೋಡು ಕಳುಹಿಸಿದ್ದರು. ಅಂದಿನಿಂದ ಭಾನುವಾರದ ಪೂಜೆಗೆ ಬಂದರೂ ಮುಗಿಯುವ ಮೊದಲೇ ಹೊರಟುಬಿಡುತ್ತಿದ್ದರು. ಅವರ ಮನೆಯವರು ಎರಡು ಬಾರಿ ನನ್ನ ಬಳಿ ಬಂದು, “ಮಾತೇ ಆಡವಲ್ಲರು ಫಾದರ್, ರಾತ್ರಿ ನಿದ್ದಿ ಇಲ್ಲ, ನನಗ ಹೆದರಿಕಿ ಆಗತೈತಿ” ಎಂದು ಅತ್ತಿದ್ದರು. ಬಳ್ಳಾರಿ ಸೀಮೆಯ ಗುರುಗಳಿಗೆ ಆ ಹೆದರಿಕೆ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾನು ಹೋಗಿ ಅವರ ಪಕ್ಕದಲ್ಲಿ ಕುಳಿತೆ. ಉಪದೇಶ ಮಾಡಲಿಲ್ಲ. ಎದುರು ದಡದ ಬೆಟ್ಟದ ನೆರಳು ನೀರಿನ ಮೇಲೆ ನಮ್ಮ ಕಡೆಗೆ ಸರಿಯುತ್ತಿತ್ತು. ಮಿಂಚುಳ್ಳಿಯೊಂದು ಎರಡು ಸಲ ನೀರಿಗೆ ಬಿದ್ದು ಎದ್ದಿತು. ಒಂದು ಗಂಟೆಯಾದರೂ ಕಳೆದಿರಬೇಕು.

“ಇಲ್ಲಿ ಯಾರೂ ಏನೂ ಕೇಳಂಗಿಲ್ರಿ ಫಾದರ್,” ಎಂದರು ಅವರು, ದಾರದಿಂದ ಕಣ್ಣು ತೆಗೆಯದೆ. ಗೊಬ್ಬರದ ಅಂಗಡಿಯವನು ಕೇಳುತ್ತಾನೆ, ಸಂಘದವರು ಕೇಳುತ್ತಾರೆ, ಮಗಳ ಕಾಲೇಜಿನವರು ಕೇಳುತ್ತಾರೆ, ಹೆಂಡತಿ ಬಾಯಿಬಿಟ್ಟು ಕೇಳದಿದ್ದರೂ ಕಣ್ಣಿನಲ್ಲಿ ಕೇಳುತ್ತಾಳೆ. ಆಮೇಲೆ ಸಾಲದ ಮೊತ್ತವನ್ನು ಹೇಳಿದರು. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಮನೆಯಲ್ಲಿಯೂ ಹೇಳಿಲ್ಲ ಎಂದರು. ಇಂದು ಸಂಜೆ ಮನೆಯಲ್ಲಿ ಹೇಳಿರಿ, ನಾಡಿದ್ದು ಬ್ಯಾಂಕಿಗೆ ನಾನೂ ನಿಮ್ಮ ಜೊತೆ ಬರುತ್ತೇನೆ ಎಂದೆ. ಅವರು ತಲೆಯಾಡಿಸಿದರು. ನಾವು ಮತ್ತೆ ಸುಮ್ಮನಾದೆವು.

ಆದರೆ ಆ ಮೌನವೂ ಅಖಂಡವಲ್ಲ. ದೂರದ ರಸ್ತೆಯಲ್ಲಿ ಅದಿರಿನ ಲಾರಿಗಳ ಸದ್ದು ಗಾಳಿ ತಿರುಗಿದಾಗಲೆಲ್ಲ ಕೇಳುತ್ತದೆ. ಮೊದಲ ಮಳೆಗೆ ಬೆಟ್ಟದಿಂದ ಇಳಿಯುವ ನೀರು ಚಹಾದಂತೆ ಕೆಂಪಗಿರುತ್ತದೆ ಎಂದು ಮೀನುಗಾರ ಹೇಳಿದ. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರ ವರದಿ ಹೊರಬಂದ 2011ರ ಜುಲೈನಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದುದನ್ನೂ, ಬಳಿಕ ಮಿತಿ ಹಾಕಿ ಮತ್ತೆ ಅನುಮತಿಸಿದುದನ್ನೂ ನಾವೆಲ್ಲ ಬಲ್ಲೆವು. 2022ರಲ್ಲಿ ಜಿಲ್ಲೆಯ ವಾರ್ಷಿಕ ಮಿತಿಯನ್ನು 2 ಕೋಟಿ 80 ಲಕ್ಷ ಟನ್ನಿನಿಂದ 3 ಕೋಟಿ 50 ಲಕ್ಷ ಟನ್ನಿಗೆ ಏರಿಸಲಾಯಿತು. 2024ರಲ್ಲಿ ದೇವದಾರಿ ಬೆಟ್ಟದ ಸುಮಾರು 400 ಹೆಕ್ಟೇರ್ ಅರಣ್ಯದಲ್ಲಿ ಅದಿರು ತೆಗೆಯುವ ಯೋಜನೆ ಮುಂದೆ ಬಂದಾಗ ಜನರು ವಿರೋಧಿಸಿದರು. ಗಣಿಯಿಂದ ಅನ್ನ ಉಣ್ಣುವ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇವೆ; ಅವರ ಮುಂದೆ ಈ ವಿಷಯವನ್ನು ಹಗುರವಾಗಿ ಮಾತನಾಡಲಾರೆ. ಆದರೂ ಬೆಟ್ಟದ ಮೇಲಿನ ಮರ ಹೋದರೆ ಮಣ್ಣು ನಿಲ್ಲುವುದಿಲ್ಲ, ಮಣ್ಣು ಇಳಿದರೆ ಜಲಾಶಯ ಉಳಿಯುವುದಿಲ್ಲ. ಸುಮಾರು 133 ಟಿಎಂಸಿಯಷ್ಟಿದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಹೂಳಿನಿಂದ 106 ಟಿಎಂಸಿಗಿಂತ ಕೆಳಗಿಳಿದುದನ್ನು ಕಾಲುವೆಯ ಕೊನೆಯ ರೈತನೂ ಬಲ್ಲ.

ಇಂಥ ಸ್ಥಳಗಳನ್ನು ‘ಅಭಿವೃದ್ಧಿ’ಪಡಿಸಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಕೂರಲು ನೆರಳು, ಹೆಣ್ಣುಮಕ್ಕಳಿಗೆ ಶೌಚಾಲಯ, ಸಾಕಷ್ಟು ಲೈಫ್ ಜಾಕೆಟ್‌ಗಳು ಖಂಡಿತ ಬೇಕು. ನಮ್ಮ ತಾಯಂದಿರು ಆ ದಿನ ಪಟ್ಟ ಪಾಡನ್ನು ಬಲ್ಲ ಯಾರೂ ಇಲ್ಲವೆನ್ನಲಾರರು. ಹುಟ್ಟು ಹಾಕುವ ದೋಣಿಗಳೂ ಇರಲಿ. ಆದರೆ ಮೋಟಾರು ದೋಣಿ, ಧ್ವನಿವರ್ಧಕ, ಹಾಡುವ ಕಾರಂಜಿಗಳು ಬಂದರೆ, ಬಾದನಹಟ್ಟಿಯ ಆ ರೈತರಿಗೆ ಕೂರಲು ಸ್ಥಳವಿರುವುದಿಲ್ಲ.

ಐದು ಗಂಟೆಗೆ ಹೊರಡುವ ಸಿದ್ಧತೆ ನಡೆಯಿತು. ಗಾಳಕ್ಕೆ ಕೊನೆಗೂ ಏನೂ ಸಿಕ್ಕಿರಲಿಲ್ಲ. ಅವರು ಮೆಲ್ಲನೆ ಮೀನುಗಾರನ ಬಳಿ ಹೋಗಿ, ಒದ್ದೆ ಗೋಣಿಚೀಲದಲ್ಲಿ ಉಳಿದಿದ್ದ ಎರಡು ರೋಹು ಮೀನುಗಳನ್ನು ಕೊಂಡು, ನಾನೇ ಹಿಡಿದೆನೆಂದು ಮಗಳ ಮುಂದೆ ಎತ್ತಿ ತೋರಿಸಿದರು. ದೂರದಿಂದ ಎಲ್ಲವನ್ನೂ ನೋಡಿದ್ದ ಅವರ ಮನೆಯವರು ಬಾಯಿಗೆ ಸೆರಗು ಒತ್ತಿಕೊಂಡು, “ಹೌದೇನ್ರಿ, ಗಾಳಕ್ಕ ಎರಡೂ ಒಮ್ಮೆಗೇ ಬಿದ್ದವೇನು?” ಎಂದು ಕೇಳಿದರು.